ಅಂಕಿತ

ಸಂಸ್ಕೃತದ ‘ಅಂಕ’ ಎಂದರೆ ಗುರುತು. ಅಂಕಿತ ಹುಟ್ಟಿದ್ದು ಅದರಿಂದ. ನಮ್ಮ ‘ಅಂಕಿ’ಯೂ ಅದೇ ಮನೆಯದು. ವ್ಯಾಕರಣದಲ್ಲಿ ಅಂಕಿತನಾಮ, ಮಸೂದೆಗೆ ರಾಜ್ಯಪಾಲರ ಅಂಕಿತ. ವಚನದಲ್ಲಿ ‘ಗುಹೇಶ್ವರ’ ಕಂಡರೆ ಅಲ್ಲಮ, ಕೀರ್ತನೆಯ ಕೊನೆಗೆ ‘ಪುರಂದರವಿಠಲ’ ಬಂದರೆ ಪುರಂದರದಾಸರು. ಎಷ್ಟು ಬಾಯಿ ದಾಟಿ ಬಂದರೂ ಹಾಡು ತನ್ನ ಒಡೆಯನ ಹೆಸರು ಹೊತ್ತೇ ಬರುತ್ತದೆ. ಇದಕ್ಕಿಂತ ಚೆಂದದ ಏರ್ಪಾಡು ನಾನು ಕಂಡಿಲ್ಲ.

ಆದರೆ ಅಂಕಿತ ಹೇಳುವುದು ಹಾಡು ಕಟ್ಟಿದವರನ್ನು. ಒಂದೊಂದು ಧ್ವನಿಮುದ್ರಣವನ್ನೂ ಬೇರೆಬೇರೆಯಾಗಿ ಗುರುತಿಸಲು ಈಗ ಐಎಸ್‌ಆರ್‌ಸಿ ಇದೆ. 1986ರಲ್ಲಿ ಐಎಸ್‌ಒ 3901 ಎಂಬ ಮಾನಕವಾಗಿ ಬಂದ ಈ ಸಂಕೇತದಲ್ಲಿ 12 ಸ್ಥಾನ: ಮೊದಲ ಐದು ಸಂಕೇತ ಕೊಟ್ಟವರದು, ಎರಡು ವರ್ಷದ್ದು, ಉಳಿದ ಐದು ಕ್ರಮಸಂಖ್ಯೆ. ಒಂದೇ ಕೀರ್ತನೆಯನ್ನು ಇಬ್ಬರು ಹಾಡಿದರೆ ಎರಡು ಸಂಕೇತ. ಇದನ್ನು ‘ದನಿಯಂಕಿತ’ ಎನ್ನಲು ನನಗಾಸೆ.

ಐಎಸ್‌ಆರ್‌ಸಿ ಒಂದೊಂದು ಮುದ್ರಣದ್ದಾದರೆ ಬಾರ್‌ಕೋಡ್ ಇಡೀ ಆಲ್ಬಮ್ಮಿನದು. ಕುರುಬರಹಳ್ಳಿಯ ನಮ್ಮ ಬೀದಿಯಂಗಡಿಯ ಬಿಸ್ಕತ್ತು ಪೊಟ್ಟಣದ ಮೇಲಿರುವಂಥದೇ 13 ಅಂಕಿ. ಭಾರತದಲ್ಲಿ ಪಡೆದದ್ದಾದರೆ ಮೊದಲಿಗೆ 890.

ನಮ್ಮ ಬೀದಿಯ ಹುಡುಗಿಯೊಬ್ಬಳು ತನ್ನ ದೇವರನಾಮವನ್ನು ಬೇರೆ ವಿತರಕರ ಮೂಲಕ ಮತ್ತೆ ಅಂತರ್ಜಾಲಕ್ಕೆ ಏರಿಸುವಾಗ ಹೊಸ ಐಎಸ್‌ಆರ್‌ಸಿ ಪಡೆದಳು. ಅದೇ ದನಿ, ಅದೇ ತಂಬೂರಿ. ಕೇಳಿದವರ ಲೆಕ್ಕ ಮಾತ್ರ ಸೊನ್ನೆಗೆ ಬಂತು. ವಿತರಕರು ಬದಲಾದರೂ ಮುದ್ರಣದ ಸಂಕೇತ ಬದಲಾಗಬಾರದು. ಈಗವಳು ಆ 12 ಅಕ್ಷರಗಳನ್ನು ಶ್ರುತಿಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಅಂಟಿಸಿಕೊಂಡಿದ್ದಾಳೆ.