ಬೀಳಗಿಯ ಅಮೀರಬಾಯಿ, ಟೋಕಿಯೋದ ಅವಾಯಾ

ಪರೇಲ್ ಅಂದರೆ ಈಗ ಗಾಜಿನ ಕಟ್ಟಡಗಳು, ಮಾಲುಗಳು, ಆಸ್ಪತ್ರೆಗಳು. ತೊಂಬತ್ತರ ದಶಕದಲ್ಲಿ ನಾನು ಬ್ಯಾಂಕಿನ ಕೆಲಸಕ್ಕೆಂದು ಇಲ್ಲಿಗೆ ಬಂದಾಗ ಗಿರಣಿಗಳ ಚಿಮಣಿಗಳು ಇನ್ನೂ ನಿಂತಿದ್ದವು, ಹೊಗೆ ಮಾತ್ರ ಇರಲಿಲ್ಲ. 1982ರ ಜನವರಿಯಲ್ಲಿ ಶುರುವಾದ ಮುಷ್ಕರದ ಹೊಡೆತದಿಂದ ಗಿರಣಿಗಳು ಮತ್ತೆ ಮೇಲೇಳಲೇ ಇಲ್ಲ.

ಈ ಗಿರಣಿಗಳ ಊರಿಗೂ ಜಪಾನಿಗೂ ಹಳೆಯ ನಂಟು. ಹತ್ತಿ ಸಾಗಿಸಲಿಕ್ಕೆಂದು 1893ರಲ್ಲಿ ಜಪಾನಿನ ನಿಪ್ಪಾನ್ ಯೂಸೆನ್ ಕೈಶಾ ಕಂಪನಿ ಮುಂಬಯಿಗೆ ಹಡಗು ಬಿಡಲು ಶುರು ಮಾಡಿತು. ಅದರ ಹಿಂದೆ ಜಮ್‌ಶೆಟ್‌ಜಿ ಟಾಟಾ ಅವರ ಪ್ರಯತ್ನವೂ ಇತ್ತು. ಹಡಗಿನ ಬೆನ್ನಿಗೇ ಯೊಕೊಹಾಮಾ ಸ್ಪೆಸಿ ಬ್ಯಾಂಕ್ ಕೂಡ ಇಲ್ಲಿ ಶಾಖೆ ತೆರೆಯಿತು. ನಮ್ಮ ಧಾರವಾಡ ಸೀಮೆಯ ಹತ್ತಿಯೂ ಆಗ ಮುಂಬಯಿ ಪೇಟೆಗೆ ಬರುತ್ತಿತ್ತು. ಹತ್ತಿಯ ಲೆಕ್ಕ ಬರೆದವರು ಬಹಳ ಮಂದಿ ಇದ್ದಾರೆ. ನಾನು ಈ ಸಲ ಹೇಳಹೊರಟಿದ್ದು ಎರಡೂ ದೇಶಗಳಲ್ಲಿ ಪ್ರೇಮಗೀತೆ ಹಾಡಿದ ಹೆಣ್ಣುಮಕ್ಕಳ ಲೆಕ್ಕ.

ಫ್ರೆಡ್ ಗೈಸ್‌ಬರ್ಗ್ ಎಂಬ ಗ್ರಾಮಫೋನ್ ಕಂಪನಿಯ ನೌಕರ 1902ರ ನವೆಂಬರ್‌ನಲ್ಲಿ ಕಲ್ಕತ್ತಾಕ್ಕೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ಅದೇ ಪ್ರವಾಸದಲ್ಲಿ ಮುಂದೆ ಹೋಗಿ 1903ರ ಆರಂಭದಲ್ಲಿ ಟೋಕಿಯೋದಲ್ಲಿ ಜಪಾನಿ ಹಾಡುಗಳನ್ನೂ ಮುದ್ರಿಸಿದ. ಒಬ್ಬನೇ ಮನುಷ್ಯ, ಕೆಲವೇ ತಿಂಗಳ ಅಂತರ! ಯಂತ್ರದ ಮುಂದೆ ಹಾಡಲು ಬಂದ ಹೆಂಗಸರು ಯಾರೆಂದು ನೋಡಿದರೆ ಇಲ್ಲಿ ತವಾಯಿಫರು, ಅಲ್ಲಿ ಗೀಷಾಗಳು. ‘ಮರ್ಯಾದಸ್ಥ’ ಮನೆಯ ಹೆಂಗಸರು ನಾಲ್ಕು ಜನರೆದುರು ಹಾಡುವುದೇ ತಪ್ಪು ಎನ್ನುತ್ತಿದ್ದ ಕಾಲ ಅದು. ಅದರಲ್ಲೂ ವಿರಹದ ಹಾಡು, ಪ್ರಿಯಕರನನ್ನು ಕರೆಯುವ ಹಾಡು ಎಂದರೆ ಕೇಳಬೇಕೇ? ಹಾಗಾಗಿ ಸಮಾಜ ಯಾರನ್ನು ಅಂಗಳದಾಚೆ ನಿಲ್ಲಿಸಿತ್ತೋ ಅವರ ದನಿಯೇ ತಟ್ಟೆಯ ಮೇಲೆ ಕೂತು ಮೊದಲು ನಡುಮನೆಗೆ ಬಂತು.

ಈಗ ನಮ್ಮ ಕಡೆಗೆ ಬರೋಣ. ಬಾಗಲಕೋಟೆ ಜಿಲ್ಲೆಯ ಬೀಳಗಿ ಆಗ ವಿಜಾಪುರ ಜಿಲ್ಲೆಯಲ್ಲಿತ್ತು. ಅಲ್ಲಿನ ನಾಟಕದವರ ಮನೆತನದಿಂದ ಇಬ್ಬರು ಅಕ್ಕತಂಗಿಯರು ಮುಂಬಯಿಗೆ ಬಂದರು. ಗೌಹರಬಾಯಿ ಕರ್ನಾಟಕಿ ಬಾಲಗಂಧರ್ವರ ನಾಟಕ ಕಂಪನಿಯಲ್ಲಿ ಹಾಡಿ ನಟಿಸಿದರು. ಅಮೀರಬಾಯಿ ಕರ್ನಾಟಕಿ ಮೂವತ್ತರ ದಶಕದಲ್ಲಿ ಸಿನಿಮಾಕ್ಕೆ ಬಂದರು. ನಟಿಸುವವರೇ ಹಾಡಬೇಕಾಗಿದ್ದ ದಿನಗಳು ಮುಗಿದು, ತೆರೆಯ ಹಿಂದೆ ನಿಂತು ಹಾಡುವ ಪದ್ಧತಿ ಬರುತ್ತಿದ್ದ ಕಾಲ ಅದು. ಪರೇಲಿನಲ್ಲೂ ಸಿನಿಮಾದ ಗದ್ದಲವಿತ್ತು. ಇಲ್ಲಿನ ಲವ್‌ಜೀ ಕ್ಯಾಸಲ್‌ನಲ್ಲಿ 1933ರಿಂದ ವಾಡಿಯಾ ಮೂವಿಟೋನ್ ನಡೆಯಿತು, 1942ರಲ್ಲಿ ಅದೇ ಜಾಗದಲ್ಲಿ ವಿ. ಶಾಂತಾರಾಮ್ ರಾಜಕಮಲ್ ಕಲಾಮಂದಿರ ಕಟ್ಟಿದರು.

ಅದೇ ಮೂವತ್ತರ ದಶಕದಲ್ಲಿ ಜಪಾನಿನಲ್ಲಿ ಏನಾಗುತ್ತಿತ್ತು? ಕತ್ಸುತಾರೋ, ಇಚಿಮಾರು ಎಂಬ ಗೀಷಾ ಗಾಯಕಿಯರ ತಟ್ಟೆಗಳು ದೇಶದ ತುಂಬ ಮಾರಾಟವಾಗುತ್ತಿದ್ದವು. 1936ರಲ್ಲಿ ವತಾನಬೆ ಹಮಾಕೊ ಎಂಬಾಕೆ ನನ್ನನ್ನು ಮರೆಯಬೇಡ ಎಂಬರ್ಥದ ಒಂದು ಹಾಡು ಹಾಡಿದರು. ದನಿಯಲ್ಲಿ ಹೆಣ್ಣಿನ ವಯ್ಯಾರ ಅತಿಯಾಗಿದೆ ಎಂದು ಸರ್ಕಾರ ಆ ತಟ್ಟೆಯನ್ನೇ ನಿಷೇಧಿಸಿತು. ನೋಡಿ, ತಪ್ಪು ಹೊರಿಸಿದ್ದು ಪದಗಳ ಮೇಲೆ ಮಾತ್ರವಲ್ಲ, ದನಿಯ ಮೇಲೆ!

ಮರುವರ್ಷ, 1937ರಲ್ಲಿ, ಅವಾಯಾ ನೊರಿಕೊ ‘ವಾಕಾರೆ ನೋ ಬ್ಲೂಸು’ ಹಾಡಿದರು. ಅಗಲಿಕೆಯ ಹಾಡು, ರಾಗ ಹಾಕಿದವರು ಹತ್ತೋರಿ ರ್‍ಯೋಇಚಿ. ಅವಾಯಾ ಗೀಷಾ ಅಲ್ಲ, ಸಂಗೀತ ಶಾಲೆಯಲ್ಲಿ ಪಾಶ್ಚಾತ್ಯ ಗಾಯನ ಕಲಿತವರು. 1907ರಲ್ಲಿ ಹುಟ್ಟಿದ ಅವರು ನಮ್ಮ ಅಮೀರಬಾಯಿಗೆ ಹೆಚ್ಚುಕಮ್ಮಿ ಓರಗೆಯವರು. ಯುದ್ಧ ಜೋರಾದಂತೆ ಈ ಹಾಡು ಸೈನಿಕರ ಎದೆಗುಂದಿಸುತ್ತದೆ ಎಂಬ ಆಕ್ಷೇಪ ಬಂತು, ನಿಷೇಧವೂ ಬಂತು. ಹೆಂಗಸರೆಲ್ಲ ಮೊಂಪೆ ಎಂಬ ದೊಗಲೆ ಪಾಯಜಾಮ ಹಾಕಬೇಕೆಂದು ಒತ್ತಾಯವಿದ್ದಾಗ ಆಕೆ ತುಟಿಗೆ ಬಣ್ಣ ಹಚ್ಚಿ, ಉದ್ದದ ಗೌನು ತೊಟ್ಟೇ ವೇದಿಕೆಗೆ ಹೋದರು. ತಮಾಷೆ ಎಂದರೆ, ಶಿಬಿರಗಳಲ್ಲಿ ಸೈನಿಕರು ಇದೇ ಹಾಡು ಬೇಕೆಂದು ಹಟ ಹಿಡಿಯುತ್ತಿದ್ದರಂತೆ.

1943ರ ಇಸವಿಯನ್ನು ಒಂದು ಪುಟದ ಎಡಬಲದಲ್ಲಿ ಬರೆದು ನೋಡಿ. ಅಲ್ಲಿ ಅವಾಯಾರ ಅಗಲಿಕೆಯ ಹಾಡಿಗೆ ಬೀಗ. ಇಲ್ಲಿ ಮುಂಬಯಿಯಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ತೆರೆಕಂಡಿತು. ಸಂಗೀತ ಅನಿಲ್ ಬಿಸ್ವಾಸ್, ಹಾಡು ಬರೆದವರು ಪ್ರದೀಪ್. ‘ದೂರ್ ಹಟೋ’ ಎಂಬ ದೇಶಭಕ್ತಿ ಗೀತೆಯಲ್ಲಿ ಖಾನ್ ಮಸ್ತಾನಾ ಜೊತೆ ಕೇಳುವ ಹೆಣ್ಣುದನಿ ನಮ್ಮ ಅಮೀರಬಾಯಿಯದು. ಹಾಡಿನಲ್ಲಿ ಜರ್ಮನಿ, ಜಪಾನಿನವರ ಹೆಸರು ಇದ್ದದ್ದರಿಂದ ಅದು ಬ್ರಿಟಿಷರ ಸೆನ್ಸಾರಿನಿಂದ ಪಾರಾಯಿತು. ಜನಕ್ಕೆ ಮಾತ್ರ ಯಾರನ್ನು ದೂರ ಸರಿಯಲು ಹೇಳುತ್ತಿದ್ದಾರೆಂದು ಚೆನ್ನಾಗಿ ಗೊತ್ತಿತ್ತು. ಕಲ್ಕತ್ತಾದ ರಾಕ್ಸಿ ಟಾಕೀಸಿನಲ್ಲಿ ಈ ಸಿನಿಮಾ ಮೂರು ವರ್ಷಕ್ಕೂ ಮೀರಿ ಓಡಿತು. 1944ರ ‘ರತನ್’ ಚಿತ್ರದಲ್ಲಿ ನೌಶಾದ್ ಸಂಗೀತದಲ್ಲಿ ಅಮೀರಬಾಯಿ ಹಾಡಿದ ವಿರಹಗೀತೆ ಇನ್ನೊಂದು ಮಾತು ಹೇಳುತ್ತದೆ. ಊರು ಬಿಟ್ಟು ಗಿರಣಿಗೆ ಬಂದ ಗಂಡಸರು ಒಂದೊಂದು ಖೋಲಿಯಲ್ಲಿ ಹತ್ತು ಹನ್ನೆರಡು ಜನ ಮಲಗುತ್ತಿದ್ದ ಪರೇಲ್ ಲಾಲ್‌ಬಾಗಿನಲ್ಲಿ, ಕೂಡಿ ಅಗಲಿದವರ ಹಾಡು ಯಾರಿಗೆ ತಟ್ಟದೆ ಇದ್ದೀತು?

ಯುದ್ಧ ಮುಗಿಯಿತು, ಸ್ವಾತಂತ್ರ್ಯವೂ ಬಂತು. ಹಾಡುವ ಹೆಂಗಸರ ಕಷ್ಟ ಮುಗಿಯಲಿಲ್ಲ. ಖಾಸಗಿ ಬದುಕಿನ ಬಗ್ಗೆ ಅಪವಾದ ಇರುವವರು ರೇಡಿಯೋದಲ್ಲಿ ಹಾಡಬಾರದು ಎಂದು 1946ರಲ್ಲೇ ಆಕಾಶವಾಣಿಗೆ ಸೂಚನೆ ಹೋಗಿತ್ತು. ಅದರ ಪೆಟ್ಟು ಬಿದ್ದದ್ದು ‘ಬಾಯಿ’, ‘ಜಾನ್’ ಎಂದು ಹೆಸರಿನ ಕೊನೆಗೆ ಇದ್ದವರ ಮೇಲೆ. ಅದೇ ಹೊತ್ತಿಗೆ ಹೊಸ ತಲೆಮಾರಿನ ತೆಳು ದನಿಗಳೂ ಬಂದವು. 1950ರ ‘ಸಮಾಧಿ’ ಚಿತ್ರದಲ್ಲಿ ಸಿ. ರಾಮಚಂದ್ರ ಸಂಗೀತದ ‘ಗೋರೆ ಗೋರೆ’ ಹಾಡನ್ನು ಅಮೀರಬಾಯಿ ಮತ್ತು ಲತಾ ಮಂಗೇಶ್ಕರ್ ಜೊತೆಯಾಗಿ ಹಾಡಿದ್ದಾರೆ. ಒಂದು ಯುಗ ಇನ್ನೊಂದಕ್ಕೆ ಚಾರ್ಜು ವಹಿಸಿಕೊಟ್ಟಂತೆ ಕೇಳುತ್ತದೆ ನನಗೆ! 1965ರಲ್ಲಿ ಅಮೀರಬಾಯಿ ತೀರಿಕೊಂಡರು. ಜಪಾನಿನ ಅವಾಯಾ ಮಾತ್ರ 1999ರವರೆಗೆ ಬದುಕಿ, ‘ಬ್ಲೂಸಿನ ರಾಣಿ’ ಎಂಬ ಗೌರವ ಪಡೆದು, ಮುಪ್ಪಿನಲ್ಲೂ ಹಾಡಿದರು.

ಈ ಎರಡು ಬದುಕುಗಳಿಂದ ನನಗೆ ಕಂಡದ್ದು ಇಷ್ಟು. ಪ್ರೇಮಗೀತೆ ಎಲ್ಲರಿಗೂ ಬೇಕು. ಹಾಡಿದವಳ ಮೇಲೆ ಮಾತ್ರ ಎಲ್ಲರಿಗೂ ಅನುಮಾನ. ಜಪಾನಿನಲ್ಲಿ ದೇಶದ ಹೆಸರಿನಲ್ಲಿ ಬಾಯಿ ಮುಚ್ಚಿಸಿದರು, ನಮ್ಮಲ್ಲಿ ಮರ್ಯಾದೆಯ ಹೆಸರಿನಲ್ಲಿ. ಅವಾಯಾರ ಬಾಯಿ ಮುಚ್ಚಿಸಿದ ಸರ್ಕಾರ ಹೋಯಿತು, ಹಾಡು ಉಳಿಯಿತು. ನಮ್ಮಲ್ಲಿ ಮುಚ್ಚಿಸಿದ್ದು ಮರೆವು. ಅದು ಸರ್ಕಾರದ ಆದೇಶಕ್ಕಿಂತ ಗಟ್ಟಿ.

ಆದರೆ ಹಳೆಯ ಹಾಡು ಯಾವಾಗ ಎದ್ದು ಬರುತ್ತದೋ ಹೇಳಲಾಗದು. ಮತ್ಸುಬಾರಾ ಮಿಕಿ ಎಂಬ ಜಪಾನಿ ಗಾಯಕಿ 1979ರಲ್ಲಿ ಹಾಡಿದ ಪ್ರೇಮಗೀತೆಯೊಂದು, ಆಕೆ ತೀರಿಕೊಂಡು ಹದಿನಾರು ವರ್ಷವಾದ ಮೇಲೆ, 2020ರಲ್ಲಿ ಲೋಕದ ಹುಡುಗ ಹುಡುಗಿಯರ ಮೊಬೈಲುಗಳಲ್ಲಿ ಹಬ್ಬಿತು. ಭಾಷೆ ಬಾರದವರೇ ಹೆಚ್ಚಾಗಿ ಕೇಳಿದ್ದು. ಅಮೀರಬಾಯಿಗೆ ಅಂಥ ದಿನ ಬರಬಾರದೇಕೆ? ರಹಮತ್ ತರೀಕೆರೆಯವರು ಅವರ ಬಗ್ಗೆ ಕನ್ನಡದಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ವಿಜಯಪುರದವರಿಗೆ ಅಮೀರ್ ಟಾಕೀಸ್ ಎಂಬ ಹೆಸರು ನೆನಪಿರಬಹುದು, ಅದು ಅವರದೇ.

ನಾವು ಹೊರನಾಡಿನವರು ಮುಂಬಯಿಗೆ ಬಂದು ಹೆಸರಿನ ಜೊತೆಗಿದ್ದ ಊರನ್ನು ಮೆಲ್ಲಗೆ ಕಳಚಿಟ್ಟೆವು. ಇನಿಶಿಯಲ್ಲಿಗೆ ಇಳಿಸಿದೆವು, ಇಲ್ಲವೇ ಬಿಟ್ಟೇಬಿಟ್ಟೆವು. ಕರ್ನಾಟಕವೆಂಬ ರಾಜ್ಯವೇ ಇಲ್ಲದಿದ್ದ ಕಾಲದಲ್ಲಿ, ನಾಡಿನ ಹೆಸರನ್ನು ತಟ್ಟೆಯ ಮೇಲೆ ಅಚ್ಚು ಹಾಕಿಸಿ ಮನೆಮನೆಗೆ ಮುಟ್ಟಿಸಿದವರು ಈ ಅಕ್ಕತಂಗಿಯರು. ಕರ್ನಾಟಕಿ. ಆ ಹೆಸರಿನ ಸಾಲವನ್ನು ನಾವಿನ್ನೂ ತೀರಿಸಿಲ್ಲ.