ಫಿರಂಗಿಗೆ ಕಣ್ಣಾದವರು: ವೀಕ್ಷಣಾ ವೈಮಾನಿಕರ ಚರಿತ್ರೆಯನ್ನು ಅರಸುತ್ತ

ನೂರು ವರ್ಷ ತುಂಬಿದ ಧರ್ಮಕೇಂದ್ರವೊಂದರ ಸ್ಮರಣ ಸಂಚಿಕೆಯಲ್ಲಿ ಕಟ್ಟಡ ಕಟ್ಟಿದವರನ್ನೂ, ಸೇವೆ ಸಲ್ಲಿಸಿದ ಗುರುಗಳನ್ನೂ ನೆನೆಯುವುದು ವಾಡಿಕೆ. ನಮ್ಮ ನಡುವಿನ ಮನೆಗಳಿಂದ ಸೈನ್ಯಕ್ಕೆ ಹೋಗಿ ಹಿಂದಿರುಗದವರನ್ನು ನೆನೆಯುವುದೂ ಅಷ್ಟೇ ಯುಕ್ತವೆಂದು ನಾವು ಭಾವಿಸುತ್ತೇವೆ. ಅವರಲ್ಲಿಯೂ ಒಂದು ಸಣ್ಣ ವರ್ಗದವರು ಚರಿತ್ರೆಯ ಪುಟಗಳಲ್ಲಿ ಎರಡು ಸಾಲುಗಳ ನಡುವೆ ಜಾರಿಹೋಗಿದ್ದಾರೆ. ಅವರೇ ಫಿರಂಗಿದಳದ ವೀಕ್ಷಣಾ ವೈಮಾನಿಕರು. ಅವರನ್ನು ಎಲ್ಲಿ ಹುಡುಕಬೇಕು, ಹುಡುಕುವವರು ಹಲವೊಮ್ಮೆ ಬರಿಗೈಯಲ್ಲಿ ಮರಳುವುದೇಕೆ ಎಂಬುದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ ಜಯನಗರವೆಂಬ ಬಡಾವಣೆಯೇ ಇರಲಿಲ್ಲ. ಅದು ಹುಟ್ಟಿದ್ದು 1948ರಲ್ಲಿ. ಸಿದ್ದಾಪುರ, ಬೈರಸಂದ್ರ, ಯಡಿಯೂರು, ಸಾರಕ್ಕಿಗಳು ಆಗ ಹೊಲಗದ್ದೆಗಳ ನಡುವಿನ ಹಳ್ಳಿಗಳು. ಆದರೆ ನಗರದ ಪೂರ್ವದಲ್ಲಿ 1940ರ ಡಿಸೆಂಬರಿನಲ್ಲಿಯೇ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪಿತವಾಗಿತ್ತು. ಮುಂದೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳು ಬೆಳೆದಂತೆ ನಿವೃತ್ತ ಯೋಧರೂ ಕಾರ್ಖಾನೆಯ ನೌಕರರೂ ಇಲ್ಲಿ ಮನೆಮಾಡಿದರು. ಆದಕಾರಣ ನಮ್ಮ ವಿಷಯ ದೂರದ ರಣರಂಗಗಳದಾದರೂ ಅದರ ಕಾಗದಪತ್ರಗಳು ನಮ್ಮ ಬೀದಿಯ ಯಾವುದಾದರೊಂದು ಟ್ರಂಕಿನಲ್ಲಿ ಇದ್ದರೆ ಆಶ್ಚರ್ಯವಿಲ್ಲ.

ಮೊದಲಿಗೆ ಈ ವೈಮಾನಿಕರ ಕೆಲಸವೇನೆಂಬುದನ್ನು ತಿಳಿಯಬೇಕು. ಫಿರಂಗಿ ಹಾರಿಸುವವನಿಗೆ ತನ್ನ ಗುಂಡು ಬಿದ್ದ ಸ್ಥಳ ಕಾಣುವುದಿಲ್ಲ. ನಡುವೆ ಗುಡ್ಡವೋ ಕಾಡೋ ಇರುತ್ತದೆ. ಕಂಡು ಹೇಳುವ ಕಣ್ಣೊಂದು ಮೇಲಿರಬೇಕು. ಮೊದಲನೆಯ ಮಹಾಯುದ್ಧದಲ್ಲಿ ವಿಮಾನದಲ್ಲಿ ಕುಳಿತ ವೀಕ್ಷಕನು ಗುರಿಯನ್ನು ಗಡಿಯಾರದ ನಡುಬಿಂದುವೆಂದು ಎಣಿಸಿ, ಗುಂಡು ಬಿದ್ದ ದಿಕ್ಕನ್ನು ಗಂಟೆಯ ಅಂಕಿಯಿಂದಲೂ ದೂರವನ್ನು ಒಂದು ಅಕ್ಷರದಿಂದಲೂ ಸೂಚಿಸಿ ವೈರ್‌ಲೆಸ್ ಮೂಲಕ ಕೆಳಕ್ಕೆ ತಿಳಿಸುತ್ತಿದ್ದನು. ಎರಡನೆಯ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಫಿರಂಗಿದಳದ ಅಧಿಕಾರಿ ಚಾರ್ಲ್ಸ್ ಬೇಜ್ಲಿ ಮೊದಲಾದವರು ಬೇರೊಂದು ವಾದವನ್ನು ಮುಂದಿಟ್ಟರು. ವೈಮಾನಿಕನಿಗೆ ಫಿರಂಗಿಯ ವಿದ್ಯೆ ಕಲಿಸುವುದಕ್ಕಿಂತ ಫಿರಂಗಿಯ ಅಧಿಕಾರಿಗೇ ಹಾರಲು ಕಲಿಸುವುದು ಲೇಸು ಎಂಬುದು ಅವರ ಮತ. 1940ರಲ್ಲಿ ಪ್ರಯೋಗ ನಡೆಯಿತು. 1941ರ ಆಗಸ್ಟ್ 1ರಂದು ಇಂಗ್ಲೆಂಡಿನ ಓಲ್ಡ್ ಸಾರಂನಲ್ಲಿ 651ನೆಯ ಸ್ಕ್ವಾಡ್ರನ್ ರಚಿತವಾಯಿತು. ಇವುಗಳಿಗೆ 'ಏರ್ ಒ.ಪಿ.' ಸ್ಕ್ವಾಡ್ರನ್‌ಗಳೆಂದು ಹೆಸರು.

ಅವರು ಹಾರಿಸಿದ ಆಸ್ಟರ್ ವಿಮಾನವು ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಹೊದಿಸಿ ಮಾಡಿದ ಹಗುರವಾದ ಯಂತ್ರ. ಅದಕ್ಕೆ ಬಂದೂಕವಿಲ್ಲ, ಬಾಂಬಿಲ್ಲ. ಇಳಿಯಲು ಒಂದು ಸಣ್ಣ ಹೊಲ ಸಾಕು. ಶತ್ರುವಿನ ಯುದ್ಧವಿಮಾನ ಎರಗಿದರೆ ನೆಲಕ್ಕೆ ತೀರ ಸಮೀಪ ಇಳಿದು ಗಕ್ಕನೆ ತಿರುಗುತ್ತ ತಪ್ಪಿಸಿಕೊಳ್ಳುವುದೊಂದೇ ದಾರಿ. ನಿಧಾನವಾಗಿ, ತಗ್ಗಾಗಿ, ಒಂದೇ ಪ್ರದೇಶದ ಮೇಲೆ ಮತ್ತೆ ಮತ್ತೆ ಹಾರುವುದೇ ಅವರ ಕರ್ತವ್ಯ. ಅವರ ಕೆಲಸದ ಗುಣವೂ ಅಪಾಯವೂ ಅದರಲ್ಲಿಯೇ ಅಡಗಿತ್ತು.

ನಮ್ಮ ದೇಶಕ್ಕೆ ಸಂಬಂಧಿಸಿದ್ದು 656ನೆಯ ಸ್ಕ್ವಾಡ್ರನ್. 1942ರ ಡಿಸೆಂಬರ್ 31ರಂದು ಇಂಗ್ಲೆಂಡಿನಲ್ಲಿ ರಚಿತವಾದ ಈ ದಳವು 1943ರಲ್ಲಿ ಭಾರತಕ್ಕೆ ಬಂದು, ಬರ್ಮಾದ ಹೋರಾಟದಲ್ಲಿ ಹದಿನಾಲ್ಕನೆಯ ಸೈನ್ಯಕ್ಕೆ ಕಣ್ಣಾಗಿ ಸೇವೆ ಸಲ್ಲಿಸಿತು. ಆ ಸೈನ್ಯದಲ್ಲಿ ಬಹುಸಂಖ್ಯೆಯ ಭಾರತೀಯ ಯೋಧರಿದ್ದರೆಂಬುದು ಸರ್ವವಿದಿತ. ಇಂಫಾಲದ ಬೆಟ್ಟಗಳಿಂದ ರಂಗೂನಿನವರೆಗೆ ಕಾಲಾಳು ಮುಂದುವರಿದ ಹಾದಿಯ ಮೇಲೆ ಈ ಪುಟ್ಟ ವಿಮಾನಗಳು ಹಾರಿದವು. ಯುದ್ಧಾನಂತರ ಭಾರತಕ್ಕೆ ಬಂದ 659ನೆಯ ಸ್ಕ್ವಾಡ್ರನ್ 1947ರ ಆಗಸ್ಟ್ 14ರಂದು ಲಾಹೋರಿನಲ್ಲಿ ವಿಸರ್ಜಿತವಾಯಿತು. ಅದರ ಸಲಕರಣೆಗಳು ಎರಡು ಹೊಸ ರಾಷ್ಟ್ರಗಳಿಗೆ ಹಂಚಿಹೋದವು. ಭಾರತದ ಮೊದಲ ಏರ್ ಒ.ಪಿ. ತುಕಡಿ ಹುಟ್ಟಿದ್ದೂ ಆ ಆಗಸ್ಟ್ ತಿಂಗಳಿನಲ್ಲಿಯೇ.

ಇನ್ನು ಸಂಶೋಧಕನ ಮುಖ್ಯ ತೊಡಕಿಗೆ ಬರೋಣ. ಏರ್ ಒ.ಪಿ. ದಳವು ವಾಯುಸೇನೆಯ ಲೆಕ್ಕಕ್ಕೆ ಸೇರಿದ್ದು. ಅದರ ವೈಮಾನಿಕರಾದರೋ ಭೂಸೇನೆಯ ಫಿರಂಗಿದಳದ ಅಧಿಕಾರಿಗಳು. ವಿಮಾನ ರಿಪೇರಿ ಮಾಡುವವರು ಮತ್ತೆ ವಾಯುಸೇನೆಯವರು. ಒಂದೇ ಗುಡಾರದ ಕೆಳಗೆ ಉಂಡು ಮಲಗಿದ ಇಬ್ಬರು ಗೆಳೆಯರು ಮಡಿದು, ಇಬ್ಬರ ದೇಹವೂ ಸಿಗಲಿಲ್ಲವೆಂದು ಭಾವಿಸೋಣ. ಬರ್ಮಾದಲ್ಲಿ ಮಡಿದ, ಸಮಾಧಿಯಿಲ್ಲದ ಭೂಸೈನಿಕರ ಹೆಸರುಗಳನ್ನು ರಂಗೂನಿನ ಬಳಿ ಟೌಕ್ಯಾನ್ ಸಮಾಧಿಭೂಮಿಯ ಸ್ಮಾರಕದಲ್ಲಿ ಕೆತ್ತಲಾಗಿದೆ. ಅಲ್ಲಿ ಸುಮಾರು 27,000 ಹೆಸರುಗಳಿವೆ. ಏಷ್ಯಾದ ದಕ್ಷಿಣ ಮತ್ತು ಪೂರ್ವ ಭಾಗಗಳಲ್ಲಿ ಕಾರ್ಯಾಚರಣೆಯಲ್ಲಿ ಮಡಿದು ಸಮಾಧಿ ಕಾಣದ ವಾಯುಸೈನಿಕರ ಹೆಸರುಗಳಾದರೋ ಸಿಂಗಪುರದ ಕ್ರಾಂಜಿಯಲ್ಲಿವೆ. ಅಲ್ಲಿನ ಹೆಸರುಗಳು 24,000ಕ್ಕೂ ಮಿಗಿಲು. ಆದ್ದರಿಂದ ಆ ಗೆಳೆಯರ ಹೆಸರುಗಳು ಎರಡು ದೇಶಗಳಲ್ಲಿ, ಎರಡು ಗೋಡೆಗಳ ಮೇಲೆ ಬೇರೆಬೇರೆಯಾಗಿ ನಿಲ್ಲುತ್ತವೆ. 'ನಮ್ಮವರು ವಿಮಾನ ಹಾರಿಸುತ್ತಿದ್ದರು' ಎಂಬ ಮನೆಮಾತನ್ನೇ ಹಿಡಿದು ವಾಯುಸೇನೆಯ ಪಟ್ಟಿಯಲ್ಲಿ ಹುಡುಕಿದರೆ ವೈಮಾನಿಕನ ಹೆಸರು ಸಿಗುವುದಿಲ್ಲ. ಅದಿರುವುದು ಫಿರಂಗಿದಳದ ಪಟ್ಟಿಯಲ್ಲಿ. ಅವನ ದಳದ ದಿನಚರಿಯಾದರೋ ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ, ವಾಯುಸೇನೆಯ ಸ್ಕ್ವಾಡ್ರನ್‌ಗಳ 'ಏರ್ 27' ಎಂಬ ಶ್ರೇಣಿಯಲ್ಲಿರುತ್ತದೆ. ಹೆಸರು ಒಂದು ಕಡೆ, ಕಾರ್ಯ ಇನ್ನೊಂದು ಕಡೆ. ಎರಡನ್ನೂ ಕೂಡಿಸಿದ ಹೊರತು ಮನುಷ್ಯನು ಪೂರ್ಣನಾಗುವುದಿಲ್ಲ.

ಭಾರತದಲ್ಲಿಯೂ ಇದೇ ಸ್ಥಿತಿ. ಭೂಸೇನೆಗೆ ಪ್ರತ್ಯೇಕ ವಿಮಾನದಳ ದೊರೆತದ್ದು 1986ರ ನವೆಂಬರ್ 1ರಂದು. ಅದಕ್ಕೂ ಮೊದಲು ಮಡಿದ ವೀಕ್ಷಣಾ ವೈಮಾನಿಕರನ್ನು ಫಿರಂಗಿದಳದ ಅಧಿಕಾರಿಗಳ ಸಾಲಿನಲ್ಲಿಯೇ ಅರಸಬೇಕು.

ಈ ಕಥೆಗೆ ಬೆಂಗಳೂರಿನ ನೇರ ನಂಟೊಂದಿದೆ. ಡಾ. ವಿ.ಎಂ. ಘಾಟ್ಗೆಯವರ ನೇತೃತ್ವದ ವಿನ್ಯಾಸಕಾರರ ಕಾಲದಲ್ಲಿ ನಮ್ಮ ವಿಮಾನ ಕಾರ್ಖಾನೆಯು 'ಪುಷ್ಪಕ' ವಿಮಾನವನ್ನು ಬೆಳೆಸಿ 'ಕೃಷಕ' ಎಂಬ ಇನ್ನೊಂದನ್ನು ನಿರ್ಮಿಸಿತು. ಅದರ ಪ್ರಥಮ ಹಾರಾಟ 1959ರ ನವೆಂಬರಿನಲ್ಲಿ. 225 ಅಶ್ವಶಕ್ತಿಯ ಎಂಜಿನ್ನಿನ ಈ ವಿಮಾನಗಳು ಸುಮಾರು 70ರಷ್ಟು ತಯಾರಾಗಿ, ಆಸ್ಟರ್‌ಗಳ ಜಾಗದಲ್ಲಿ ಫಿರಂಗಿದಳದ ಸೇವೆಗೆ ನಿಂತವು. ಹೆಸರು ಕೃಷಕನದು, ಕೆಲಸ ಯುದ್ಧರಂಗದ್ದು. 1971ರ ಡಿಸೆಂಬರ್ 5ರಂದು ಲೊಂಗೆವಾಲಾ ಮರುಭೂಮಿಯಲ್ಲಿ ಮೇಜರ್ ಆತ್ಮಾಸಿಂಗ್ ಅವರು ಕೃಷಕದಲ್ಲಿ ಹಾರುತ್ತ ನಮ್ಮ ಹಂಟರ್ ವಿಮಾನಗಳಿಗೆ ಶತ್ರು ಟ್ಯಾಂಕುಗಳ ನೆಲೆಯನ್ನು ತೋರಿಸಿಕೊಟ್ಟರು. ಅದೇ ಯುದ್ಧದ ಪಶ್ಚಿಮ ರಂಗದಲ್ಲಿ ಕ್ಯಾಪ್ಟನ್ ಪ್ರದೀಪ್ ಕುಮಾರ್ ಗೌರ್ ಅವರ ಕೃಷಕದ ಮೇಲೆ ಶತ್ರುವಿನ ಸೇಬರ್ ಜೆಟ್‌ಗಳು ಎರಗಿದವು. ಆ ಫಿರಂಗಿದಳದ ಅಧಿಕಾರಿ ಕರ್ತವ್ಯದಲ್ಲಿಯೇ ಪ್ರಾಣವನ್ನರ್ಪಿಸಿದರು. ಅವರಿಗೆ ಮರಣೋತ್ತರವಾಗಿ ಮಹಾವೀರಚಕ್ರ ಸಂದಿತು. ಲೊಂಗೆವಾಲಾದ ಕಥೆ ಮನೆಮನೆಗೂ ತಿಳಿದಿದೆ; ಗೌರ್ ಅವರ ಹೆಸರನ್ನು ಅವರ ವಿಮಾನ ಸಿದ್ಧವಾದ ಈ ನಗರದಲ್ಲಿಯೇ ಬಲ್ಲವರು ವಿರಳ. ಬೆಂಗಳೂರಿನ ಕಾರ್ಮಿಕರ ಕೈಯಿಂದ ಹೊರಬಂದ ಯಂತ್ರದಲ್ಲಿ ಅವರ ಕೊನೆಯ ಹಾರಾಟ ನಡೆದುದರಿಂದ, ಅವರ ಸ್ಮರಣೆಯಲ್ಲಿ ನಮಗೂ ಒಂದು ಪಾಲಿದೆ.

ಯುದ್ಧದ ದಾಖಲೆ ಎಷ್ಟು ತಡವಾಗಿ ತುಂಬಿಕೊಳ್ಳಬಹುದೆಂಬುದಕ್ಕೆ ನಮ್ಮ ನಾಡಿನ ಇನ್ನೊಬ್ಬ ವೈಮಾನಿಕರ ಉದಾಹರಣೆಯಿದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರು ಫಿರಂಗಿದಳದವರಲ್ಲ, ವಾಯುಸೇನೆಯ ಯುದ್ಧವೈಮಾನಿಕರು. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋದವರು ಮರಳಲಿಲ್ಲ. ಅಲ್ಲಿ ನಡೆದುದನ್ನು ಕಂಡು ಹೇಳುವವರು ನಮ್ಮ ಕಡೆ ಯಾರೂ ಇರಲಿಲ್ಲ. ಎದುರಾಳಿಯ ಕಡೆಯ ಮಾಹಿತಿಯನ್ನು ಆಧರಿಸಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು 1979ರಲ್ಲಿ ಪ್ರಕಟಿಸಿದ ಗ್ರಂಥದಿಂದ, ಭಾರತದ ಮಿಸ್ತೇರ್ ವಿಮಾನವೊಂದು ತನಗಿಂತ ಬಹು ವೇಗಶಾಲಿಯಾದ ಸ್ಟಾರ್‌ಫೈಟರನ್ನು ಉರುಳಿಸಿತ್ತೆಂಬುದು ಬೆಳಕಿಗೆ ಬಂದಿತು. ಆ ಮಿಸ್ತೇರ್ ದೇವಯ್ಯನವರದೆಂದು ತಾಳೆಹಾಕಿ ಸ್ಥಾಪಿಸಿದ ಮೇಲೆ, 1988ರಲ್ಲಿ ಅವರಿಗೆ ಮಹಾವೀರಚಕ್ರ ಘೋಷಿತವಾಯಿತು. ನಡುವೆ ಕಳೆದದ್ದು 23 ವರ್ಷ. ಎದುರು ಪಾಳೆಯದ ಕಾಗದವನ್ನೂ ಓದದೆ ಶೋಧ ಮುಗಿಯಿತೆನ್ನಬಾರದೆಂಬ ಪಾಠ ಇದರಲ್ಲಿದೆ.

ಮತ್ತೊಂದು ವಿಚಾರವನ್ನು ಒತ್ತಿ ಹೇಳಬೇಕಾಗಿದೆ. ಪದಕ ಪಡೆದವರ ಹೆಸರು ರಾಜ್ಯಪತ್ರದಲ್ಲಿ ಸಿಗುತ್ತದೆ. ತರಬೇತಿಯಲ್ಲಿ ವಿಮಾನ ಬಿದ್ದು ಸತ್ತವನನ್ನೂ, ಮಂಜು ಮುಸುಕಿದ ಕಣಿವೆಯಲ್ಲಿ ದಾರಿ ತಪ್ಪಿ ಗುಡ್ಡಕ್ಕೆ ಬಡಿದವನನ್ನೂ, ಜ್ವರದಿಂದ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದವನನ್ನೂ ಬಂಧುಗಳೇ ಕೆಲವೊಮ್ಮೆ 'ಯುದ್ಧದಲ್ಲಿ ಸತ್ತವನಲ್ಲ' ಎಂದುಬಿಡುತ್ತಾರೆ. ಇದು ಸರಿಯಲ್ಲ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೈನ್ಯಸೇವೆಯಲ್ಲಿದ್ದು ಮೃತರಾದವರೆಲ್ಲರನ್ನೂ, ಸಾವಿನ ಕಾರಣವನ್ನೆಣಿಸದೆ, ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಸೇವೆಯಲ್ಲಿ ಸತ್ತವನು ಸೇವೆಗಾಗಿಯೇ ಸತ್ತವನು.

ನಮ್ಮ ಓದುಗರ ಪೈಕಿ ಯಾರಿಗಾದರೂ ಇಂತಹ ಹಿರಿಯರೊಬ್ಬರ ಸುಳಿವಿದ್ದರೆ, ಮನೆಯಿಂದಲೇ ಆರಂಭಿಸಬೇಕೆಂದು ನಮ್ಮ ಸೂಚನೆ. ಭಾರತೀಯ ಸೈನಿಕರಿಗೆ ಕೊಟ್ಟ ಪದಕದ ಅಂಚಿನಲ್ಲಿ ಸಾಮಾನ್ಯವಾಗಿ ಹೆಸರೂ ದಳವೂ ಅಚ್ಚಾಗಿರುತ್ತವೆ. ಭಾವಚಿತ್ರದ ಹಿಂಬದಿಯ ಬರಹವನ್ನು ಓದಬೇಕು. ಟೋಪಿಯ ಲಾಂಛನವನ್ನು ನೋಡಬೇಕು. ಎದೆಯ ಮೇಲೆ ರೆಕ್ಕೆಯ ಗುರುತಿದ್ದು ಟೋಪಿಯಲ್ಲಿ ಫಿರಂಗಿಯ ಚಿಹ್ನೆಯಿದ್ದರೆ, ಆತ ವೀಕ್ಷಣಾ ವೈಮಾನಿಕನಾಗಿದ್ದಿರಬಹುದು. ಬಳಿಕ ಧರ್ಮಕೇಂದ್ರದ ಮರಣ ನೋಂದಣಿ ಪುಸ್ತಕವನ್ನೂ, ಹೊಸೂರು ರಸ್ತೆಯ ಸಮಾಧಿಭೂಮಿಯ ಕಲ್ಲುಗಳನ್ನೂ ಪರಿಶೀಲಿಸಬೇಕು. ಅಲ್ಲಿ ಕಾಣದಿದ್ದರೆ ಮದ್ರಾಸಿನ ನಂದಂಬಾಕದ ಯುದ್ಧಸಮಾಧಿಭೂಮಿಯನ್ನು ವಿಚಾರಿಸಬೇಕು. ದಕ್ಷಿಣ ಮತ್ತು ಪೂರ್ವ ಭಾರತದ ನಾನಾ ಊರುಗಳಲ್ಲಿ ಚದುರಿದ್ದ ಎರಡನೆಯ ಮಹಾಯುದ್ಧದ ಸಮಾಧಿಗಳನ್ನು ಒಂದೆಡೆ ತರಲೆಂದೇ 1952ರಲ್ಲಿ ಅದನ್ನು ನಿರ್ಮಿಸಲಾಯಿತು. ಅಲ್ಲಿ 856 ಸಮಾಧಿಗಳಿವೆ. ಸ್ವಾತಂತ್ರ್ಯಾನಂತರ ಮಡಿದವರ ಹೆಸರುಗಳು ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟಿತವಾದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳಲ್ಲಿವೆ. ದೊರೆತ ಪ್ರತಿಯೊಂದು ಸಂಗತಿಯನ್ನೂ ಎರಡನೆಯ ಸಾಕ್ಷ್ಯದೊಡನೆ ತಾಳೆನೋಡಿಯೇ ಬರೆದಿಡತಕ್ಕದ್ದು. ದುಃಖಿತರ ಮನೆಗೆ ಸುಳ್ಳು ಸಾಂತ್ವನವನ್ನು ಕೊಂಡೊಯ್ಯುವುದಕ್ಕಿಂತ ಮೌನವೇ ಮೇಲು.

ಕೆಳಗಿರುವ ನೂರಾರು ಜನರಿಗಾಗಿ ಮೇಲಿಂದ ನೋಡಿ, ಕಂಡುದನ್ನು ನಿಜವಾಗಿ ತಿಳಿಸುವುದು ಆ ವೈಮಾನಿಕರ ವೃತ್ತಿಧರ್ಮವಾಗಿತ್ತು. ಅವರ ಹೆಸರನ್ನು ಸರಿಯಾದ ಪಟ್ಟಿಯಲ್ಲಿ ಕಂಡು, ಸರಿಯಾದ ದಿನಾಂಕದೊಡನೆ, ಸರಿಯಾದ ಅಕ್ಷರಗಳಲ್ಲಿ ಬರೆದಿಡುವುದು ಉಳಿದಿರುವ ನಮ್ಮ ಕರ್ತವ್ಯ. ಈ ಲೇಖನವನ್ನೋದಿದ ಒಂದು ಮನೆಯಲ್ಲಾದರೂ ಹಳೆಯ ಟ್ರಂಕಿನ ಮುಚ್ಚಳ ತೆರೆದರೆ ನಮ್ಮ ಶ್ರಮ ಸಾರ್ಥಕವಾಯಿತೆಂದು ತಿಳಿಯುತ್ತೇವೆ.