ಮಾಡ್ ಹಾಕಿದ ಗೇಮಿಗೆ ಯಾವ ಕಾರ್ಡು? ಮೆಮೊರಿಯ ಮೂವತ್ತು ವರ್ಷದ ಕಥೆ

1996ರ ಕೊನೆಗೆ ಆರ್ಕಿಡ್ ಕಂಪನಿಯ ‘ರೈಟಿಯಸ್ 3ಡಿ’ ಎಂಬ ಗ್ರಾಫಿಕ್ಸ್ ಕಾರ್ಡು ಮಾರುಕಟ್ಟೆಗೆ ಬಂತು. ಅದನ್ನು ಕೂಡಿಸಿದ ಕಂಪ್ಯೂಟರಿನಲ್ಲಿ ಗೇಮ್ ಶುರುವಾದರೆ ಡಬ್ಬದೊಳಗಿಂದ ‘ಟಿಕ್’ ಎಂಬ ಸದ್ದು ಕೇಳುತ್ತಿತ್ತು. ಮಾಮೂಲಿ ಡಿಸ್‌ಪ್ಲೇ ಕಾರ್ಡಿನ ಚಿತ್ರವನ್ನು ತಡೆದು, ಮಾನಿಟರಿಗೆ 3ಡಿ ಚಿತ್ರವನ್ನು ಜೋಡಿಸುತ್ತಿದ್ದ ರಿಲೇಯ ಸದ್ದು ಅದು. ಕಾರ್ಡಿನ ಮೇಲಿದ್ದದ್ದು 3ಡಿಎಫ್ಎಕ್ಸ್ ಕಂಪನಿಯ ವೂಡೂ ಚಿಪ್ಪುಗಳು, ಜೊತೆಗೆ 4 ಎಂಬಿ ಮೆಮೊರಿ.

ಆ 4 ಎಂಬಿಯೂ ಎರಡು ಪಾಲಾಗಿತ್ತು. 2 ಎಂಬಿ ತೆರೆಯ ಚಿತ್ರಕ್ಕೆ, 2 ಎಂಬಿ ಟೆಕ್ಸ್ಚರಿಗೆ, ಅಂದರೆ ಗೋಡೆ, ನೆಲ, ಬಾಗಿಲುಗಳ ಮೇಲೆ ಅಂಟಿಸುವ ಚಿತ್ರಗಳಿಗೆ. ಆಳದ ಲೆಕ್ಕ ಇಟ್ಟುಕೊಂಡು ಆಡುವ 3ಡಿ ಗೇಮುಗಳು 640x480 ಅಳತೆಗೆ ನಿಂತದ್ದು ಇದೇ ಕಾರಣಕ್ಕೆ. ಅದಕ್ಕಿಂತ ದೊಡ್ಡ ಚಿತ್ರ ಆ 2 ಎಂಬಿಯಲ್ಲಿ ಹಿಡಿಸುತ್ತಿರಲಿಲ್ಲ. ಕಾರ್ಡು ಒಪ್ಪುತ್ತಿದ್ದ ಅತಿ ದೊಡ್ಡ ಟೆಕ್ಸ್ಚರು 256x256. ಅಂಥವು ಹದಿನಾರು ಸೇರಿದರೆ ಉಳಿದ 2 ಎಂಬಿಯೂ ಭರ್ತಿ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಸಾಲದೆಂಬ ದೂರಿನ ಬೇರು ಇಲ್ಲಿಯೇ ಇದೆ.

ಗೇಮುಗಳನ್ನು ಬಿಚ್ಚಿ ತಮಗೆ ಬೇಕಾದಂತೆ ಕಟ್ಟಿಕೊಳ್ಳುವ ಹವ್ಯಾಸ ಇನ್ನೂ ಹಳೆಯದು. ಹಾಗೆ ಮಾಡಿದ ಬದಲಾವಣೆಗೆ ‘ಮಾಡ್’ ಎಂದು ಹೆಸರು. 1993ರ ಡಿಸೆಂಬರಿನಲ್ಲಿ ಬಂದ ‘ಡೂಮ್’ ಗೇಮಿನಲ್ಲಿ ಇಡ್ ಸಾಫ್ಟ್‌ವೇರ್ ಕಂಪನಿ ನಕ್ಷೆ, ಚಿತ್ರ, ಸದ್ದುಗಳನ್ನೆಲ್ಲ ‘ವ್ಯಾಡ್’ ಎಂಬ ಪ್ರತ್ಯೇಕ ಕಡತದಲ್ಲಿ ಇಟ್ಟಿತು. ಮೂಲ ಪ್ರೋಗ್ರಾಮನ್ನು ಮುಟ್ಟದೆಯೇ ಹೊಸ ಕಡತ ಸೇರಿಸಿ ಗೇಮನ್ನೇ ಬದಲಿಸಬಹುದಾಯಿತು. 1998ರ ‘ಹಾಫ್-ಲೈಫ್’ಗೆ ಮಿನ್ ಲೆ ಮತ್ತು ಜೆಸ್ ಕ್ಲಿಫ್ ಮಾಡಿದ ‘ಕೌಂಟರ್-ಸ್ಟ್ರೈಕ್’ ಮಾಡ್ ಮುಂದೆ ತಾನೇ ಒಂದು ಸ್ವತಂತ್ರ ಗೇಮಾಗಿ ಬೆಳೆಯಿತು. ಆದರೆ ಆ ಕಾಲದ ಹೆಸರಾಂತ ಮಾಡ್‌ಗಳು ಬದಲಿಸುತ್ತಿದ್ದದ್ದು ಹೆಚ್ಚಾಗಿ ನಕ್ಷೆ ಮತ್ತು ನಿಯಮಗಳನ್ನು. ಮೂಲ ಗೇಮಿಗೆ ಸಾಕಾಗುವ ಕಾರ್ಡು ಅವಕ್ಕೂ ಸಾಕಾಗುತ್ತಿತ್ತು.

ಈ ಸಮತೋಲ ತಪ್ಪಿಸಿದ್ದು ಬೆಥೆಸ್ಡಾ ಕಂಪನಿಯ ಗೇಮುಗಳು. 2002ರಲ್ಲಿ ‘ಮಾರೋವಿಂಡ್’ ಕೊಂಡವರಿಗೆ ಗೇಮನ್ನು ತಿದ್ದುವ ಸಲಕರಣೆಯೂ ಜೊತೆಗೇ ಸಿಕ್ಕಿತು. 2011ರ ನವೆಂಬರ್ 11ರಂದು ‘ಸ್ಕೈರಿಮ್’ ಬಂತು. ಮರುವರ್ಷದ ಫೆಬ್ರವರಿಯಲ್ಲಿ ಅದನ್ನು ತಿದ್ದುವ ಸಲಕರಣೆ ‘ಕ್ರಿಯೇಶನ್ ಕಿಟ್’ ಉಚಿತವಾಗಿ ಸಿಕ್ಕಿತು. ಅಷ್ಟರಲ್ಲಾಗಲೇ ಜನ ಅದರ ಕಲ್ಲು, ಮರ, ಹಿಮ, ಬಟ್ಟೆ, ಮುಖಗಳನ್ನು ಒಂದೊಂದಾಗಿ ಬದಲಿಸತೊಡಗಿದ್ದರು. ಮೂಲ ಗೇಮ್ ಕೇಳುತ್ತಿದ್ದದ್ದು ಡಿಸ್ಕಿನಲ್ಲಿ 6 ಜಿಬಿ ಜಾಗ. ಕಂಪನಿಯೇ ಶಿಫಾರಸು ಮಾಡಿದ್ದು 1 ಜಿಬಿ ಮೆಮೊರಿಯ ಕಾರ್ಡು.

ಒಂದು ಕಲ್ಲಿನ ಗೋಡೆಯ ಲೆಕ್ಕ ಹಾಕಿ ನೋಡಿದರೆ ವಿಷಯ ತಿಳಿಯುತ್ತದೆ. ಅದರ ಟೆಕ್ಸ್ಚರು 1024x1024 ಇದೆ ಎಂದುಕೊಳ್ಳೋಣ. ಒಂದು ಪಿಕ್ಸೆಲ್ಲಿಗೆ ಒಂದು ಬೈಟ್ ಬರುವಂತೆ ಕುಗ್ಗಿಸಿದರೆ ಅದು 1 ಎಂಬಿ. ಅದೇ ಗೋಡೆಗೆ 4096x4096 ಚಿತ್ರ ಹಾಕಿದರೆ ಅಗಲ ನಾಲ್ಕು ಪಟ್ಟು, ಎತ್ತರ ನಾಲ್ಕು ಪಟ್ಟು, ಒಟ್ಟು 16 ಎಂಬಿ. ದೂರದಿಂದ ಕಾಣುವಾಗ ಬಳಸುವ ಚಿಕ್ಕ ಪ್ರತಿಗಳು ಸೇರಿ ಸುಮಾರು 21 ಎಂಬಿ. ಗೋಡೆಯ ಉಬ್ಬುತಗ್ಗು ತೋರಿಸುವ ನಾರ್ಮಲ್ ಮ್ಯಾಪಿಗೂ ಅಷ್ಟೇ ಬೇಕು. ಇಂಥ ನೂರು ವಸ್ತುಗಳು ಒಂದೇ ಊರಿನಲ್ಲಿ ಸೇರಿದರೆ 4 ಜಿಬಿ ಮುಗಿಯಿತು. ಆಗಿನ ಮುಂಚೂಣಿಯ ಜಿಟಿಎಕ್ಸ್ 580 ಕಾರ್ಡಿನಲ್ಲಿದ್ದದ್ದು 1.5 ಜಿಬಿ.

ಮೆಮೊರಿ ತುಂಬಿದ ಮೇಲೆ ಕಾರ್ಡು ಟೆಕ್ಸ್ಚರುಗಳನ್ನು ಕಂಪ್ಯೂಟರಿನ ರ್‍ಯಾಮಿನಿಂದ ಎಳೆದು ತರಬೇಕಾಗುತ್ತದೆ. ಗಿರಾಕಿ ಕೇಳಿದ ಸಾಮಾನು ಅಂಗಡಿಯಲ್ಲೇ ಇರುವುದು ಬೇರೆ, ಪ್ರತಿ ಸಲ ಊರಾಚೆಯ ಗೋದಾಮಿಗೆ ಆಳು ಕಳಿಸುವುದು ಬೇರೆ. ಆಡುವವರಿಗೆ ಇದು ಕಾಣುವುದು ತಡೆತಡೆದು ಸಾಗುವ ಚಿತ್ರವಾಗಿ. ಸರಾಸರಿ ಫ್ರೇಮ್ ಲೆಕ್ಕ ಚೆನ್ನಾಗಿಯೇ ಇದ್ದರೂ ತಿರುವಿಗೊಮ್ಮೆ ಗೇಮ್ ಗಕ್ಕನೆ ನಿಲ್ಲುತ್ತದೆ.

ಸ್ಕೈರಿಮ್‌ಗೆ ಇನ್ನೊಂದು ಕಟ್ಟೂ ಇತ್ತು. ಅದು 32-ಬಿಟ್ ಪ್ರೋಗ್ರಾಂ. ಮೊದಲು 2 ಜಿಬಿ ರ್‍ಯಾಮ್ ಮಾತ್ರ ಮುಟ್ಟುತ್ತಿತ್ತು. ಅದನ್ನು 4 ಜಿಬಿಗೆ ಏರಿಸುವ ದಾರಿಯನ್ನು ಅಭಿಮಾನಿಗಳು ಮೊದಲು ಕಂಡುಕೊಂಡರು, 2011ರ ಡಿಸೆಂಬರಿನಲ್ಲಿ ಕಂಪನಿಯೂ ಅದನ್ನೇ ಮಾಡಿತು. ಡೈರೆಕ್ಟ್‌ಎಕ್ಸ್ 9 ಪದ್ಧತಿಯಲ್ಲಿ ಟೆಕ್ಸ್ಚರುಗಳ ನಕಲು ರ್‍ಯಾಮಿನಲ್ಲೂ ಉಳಿಯುವುದರಿಂದ ಆ 4 ಜಿಬಿಯೂ ಬೇಗ ತುಂಬಿ ಗೇಮ್ ಕುಸಿಯುತ್ತಿತ್ತು. ‘ಇಎನ್‌ಬಿ’ ಎಂಬ ಪ್ರಸಿದ್ಧ ಮಾಡ್ ರೂಪಿಸಿದ ಬೋರಿಸ್ ವೊರೊಂತ್ಸೊವ್ ಆ ನಕಲುಗಳನ್ನು ಬೇರೊಂದು ಪ್ರೋಗ್ರಾಮಿನ ಸುಪರ್ದಿಗೆ ಒಪ್ಪಿಸುವ ಉಪಾಯ ಹೂಡಿದರು. ಕಂಪನಿ ಬಿಗಿದ ಗಂಟನ್ನು ಹೊರಗಿನವನೊಬ್ಬ ಬಿಚ್ಚಿದ ಈ ಕೆಲಸ ಮಾಡ್ ಲೋಕದ ದೊಡ್ಡ ಸಾಧನೆಗಳಲ್ಲೊಂದು. 2016ರ ಅಕ್ಟೋಬರಿನಲ್ಲಿ 64-ಬಿಟ್‌ನ ‘ಸ್ಪೆಷಲ್ ಎಡಿಶನ್’ ಬಂದಾಗ ಆ ಕಟ್ಟು ಹರಿಯಿತು. ಉಳಿದ ಮಿತಿ ಕಾರ್ಡಿನದ್ದು.

ಆ ಮಿತಿ ಎಷ್ಟು ಎಂಬುದೇ ಒಮ್ಮೆ ನ್ಯಾಯಾಲಯದ ಮೆಟ್ಟಿಲೇರಿತು. 2014ರ ಸೆಪ್ಟೆಂಬರಿನಲ್ಲಿ ಎನ್ವಿಡಿಯಾ ಕಂಪನಿ 4 ಜಿಬಿಯ ಜಿಟಿಎಕ್ಸ್ 970 ಬಿಡುಗಡೆ ಮಾಡಿತು. ಕೆಲವೇ ತಿಂಗಳಲ್ಲಿ ಬಳಕೆದಾರರಿಗೆ ಅನುಮಾನ ಬಂತು: ಮೆಮೊರಿ ಬಳಕೆ 3.5 ಜಿಬಿ ಮುಟ್ಟುತ್ತಿದ್ದಂತೆ ಯಾಕೆ ನಿಂತುಬಿಡುತ್ತದೆ? 2015ರ ಜನವರಿಯಲ್ಲಿ ಉತ್ತರ ಹೊರಬಿತ್ತು. ಕೊನೆಯ ಅರ್ಧ ಜಿಬಿ ಉಳಿದದ್ದಕ್ಕಿಂತ ಬಹಳ ನಿಧಾನದ್ದು. ಸಾಮಾನ್ಯ ಗೇಮ್ ಆಡುವವನಿಗೆ ಇದು ತಿಳಿಯುತ್ತಲೂ ಇರಲಿಲ್ಲ. ಮೆಮೊರಿಯನ್ನು ಕೊನೆಯ ಹನಿಯವರೆಗೆ ಬಳಸುವವರಿಗೆ ಮಾತ್ರ ಆ ಅರ್ಧ ಜಿಬಿಯ ಬೆಲೆ ಗೊತ್ತು. 2016ರ ರಾಜಿಯಲ್ಲಿ ಅಮೆರಿಕದ ಗ್ರಾಹಕರಿಗೆ ಕಾರ್ಡೊಂದಕ್ಕೆ 30 ಡಾಲರ್ ಪರಿಹಾರ ಗೊತ್ತಾಯಿತು.

2017ರ ಫೆಬ್ರವರಿಯಲ್ಲಿ ಬೆಥೆಸ್ಡಾ ತಾನೇ ‘ಫಾಲ್ಔಟ್ 4’ಕ್ಕೆ ಹೆಚ್ಚು ಸ್ಪಷ್ಟತೆಯ ಟೆಕ್ಸ್ಚರುಗಳ ಕಂತೆ ಕೊಟ್ಟಿತು. ಅದರ ತೂಕ 58 ಜಿಬಿ, ಸೂಚಿಸಿದ ಕಾರ್ಡು 8 ಜಿಬಿಯ ಜಿಟಿಎಕ್ಸ್ 1080. ಹವ್ಯಾಸಿಗಳು ವರ್ಷಗಳಿಂದ ಹೇಳುತ್ತಿದ್ದ ಲೆಕ್ಕಕ್ಕೆ ಕಂಪನಿಯೇ ಮುದ್ರೆ ಒತ್ತಿದಂತಾಯಿತು.

ಆಮೇಲೆ ಹೆಚ್ಚು ಪಾಠ ಕಲಿಸುವ ಉದಾಹರಣೆ ಎನ್ವಿಡಿಯಾದ ಎರಡು ಕಾರ್ಡುಗಳದ್ದು. 2020ರ ಆರ್‌ಟಿಎಕ್ಸ್ 3070ರಲ್ಲಿ 8 ಜಿಬಿ, 2021ರಲ್ಲಿ ಬಂದ ಅದಕ್ಕಿಂತ ಅಗ್ಗದ 3060ರಲ್ಲಿ 12 ಜಿಬಿ. ಕಾರಣ ಉದಾರತೆಯಲ್ಲ, ಗಣಿತ. 3060ರ ಮೆಮೊರಿ ದಾರಿ 192 ಬಿಟ್ ಅಗಲದ್ದು, ಅದಕ್ಕೆ ಆರು ಮೆಮೊರಿ ಚಿಪ್ಪು. ಒಂದೊಂದು 1 ಜಿಬಿಯದ್ದಾದರೆ ಒಟ್ಟು 6, 2 ಜಿಬಿಯದ್ದಾದರೆ 12. ಆರು ತೀರಾ ಕಡಿಮೆಯಾಗುತ್ತಿತ್ತು. ಮೂಲ ಗೇಮಿನಲ್ಲಿ 3070 ಸ್ಪಷ್ಟವಾಗಿ ಮುಂದೆ. ಆದರೆ ಟೆಕ್ಸ್ಚರುಗಳ ಹೊರೆ 8 ಜಿಬಿ ದಾಟಿದ ಸ್ಕೈರಿಮ್‌ನಲ್ಲಿ ಸರಾಗವಾಗಿ ಸಾಗುವುದು ಅಗ್ಗದ ಕಾರ್ಡೇ. 2022ರಲ್ಲಿ ಅದೇ 3060 ಹೆಸರಿನಲ್ಲಿ 8 ಜಿಬಿಯ ಕಾರ್ಡೂ ಬಂದಿತು. ಕೊಳ್ಳುವವರು ಹೆಸರಿನ ಜೊತೆಗೆ ಜಿಬಿಯನ್ನೂ ಓದಬೇಕಾದ ಕಾಲ ಇದು.

ಹಾಗೆಂದು ಮೆಮೊರಿಯೊಂದೇ ಸಾಲದು. ಇಎನ್‌ಬಿಯಂಥ ಬೆಳಕು-ನೆರಳಿನ ಮಾಡ್‌ಗಳು ಬೇಡುವುದು ಚಿಪ್ಪಿನ ಕಸುವನ್ನು. ಸಾವಿರಾರು ಗಿಡ, ಜನ, ಸಾಮಾನುಗಳನ್ನು ಸೇರಿಸಿದರೆ ಹೊರೆ ಬೀಳುವುದು ಪ್ರೊಸೆಸರಿನ ಮೇಲೆ, ಅಲ್ಲಿ ದುಬಾರಿ ಕಾರ್ಡೂ ನೆರವಿಗೆ ಬಾರದು. ಹಳೆಯ ಗೇಮಾದರೆ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರಿನ ಚರಿತ್ರೆಯನ್ನೂ ನೋಡಬೇಕು. ‘ಮೈನ್‌ಕ್ರಾಫ್ಟ್’ನ ಜಾವಾ ಆವೃತ್ತಿ ಬಳಸುವ ಓಪನ್‌ಜಿಎಲ್‌ನಲ್ಲಿ ಎಎಂಡಿ ಕಾರ್ಡುಗಳು ಬಹುಕಾಲ ಹಿಂದುಳಿದಿದ್ದವು, 2022ರ ಜುಲೈನ ಡ್ರೈವರ್ ಅದನ್ನು ಬಹುಮಟ್ಟಿಗೆ ಸರಿಪಡಿಸಿತು. ಅದೇ ವರ್ಷ ಬಂದ ಇಂಟೆಲ್‌ನ ಆರ್ಕ್ ಕಾರ್ಡುಗಳು ಆರಂಭದಲ್ಲಿ ಡೈರೆಕ್ಟ್‌ಎಕ್ಸ್ 9 ಗೇಮುಗಳಲ್ಲಿ ಎಡವುತ್ತಿದ್ದವು, ನಂತರದ ಡ್ರೈವರುಗಳಲ್ಲಿ ಬಹಳ ಸುಧಾರಿಸಿದವು.

ಇಷ್ಟೆಲ್ಲ ನೋಡಿದ ಮೇಲೂ ಮೂವತ್ತು ವರ್ಷದ ತೀರ್ಪು ಬದಲಾಗುವುದಿಲ್ಲ. ಕಂಪನಿಗಳು ಕಾರ್ಡನ್ನು ಅಳೆಯುವುದು ತಾವು ಬಿಡುಗಡೆ ಮಾಡಿದ ರೂಪದ ಗೇಮಿನಲ್ಲಿ. ಮಾಡ್ ಹಾಕುವವರು ಆಡುವುದು ಅದಕ್ಕಿಂತ ಹಲವು ಪಟ್ಟು ಭಾರವಾದ ಇನ್ನೊಂದು ಗೇಮನ್ನು. 2025ರ ಆರ್‌ಟಿಎಕ್ಸ್ 5060 ಟಿಐ ಕೂಡ ಒಂದೇ ಹೆಸರಿನಲ್ಲಿ 8 ಮತ್ತು 16 ಜಿಬಿಗಳಲ್ಲಿ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಾಗಲಿ, ಆನ್‌ಲೈನಿನಲ್ಲಾಗಲಿ ಅಂಥ ಜೋಡಿ ಎದುರಾದರೆ, ಮಾಡ್ ಹಾಕಿ ಆಡುವ ಆಸೆ ಇರುವವರು ಸ್ವಲ್ಪ ಕಾದು ಹಣ ಕೂಡಿಸಿಯಾದರೂ ಹೆಚ್ಚು ಮೆಮೊರಿಯದ್ದನ್ನೇ ಕೊಳ್ಳಲಿ. ಟೆಕ್ಸ್ಚರಿನ ಗಾತ್ರವನ್ನು ನಾಳೆಯೂ ಇಳಿಸಿಕೊಳ್ಳಬಹುದು, ಕಾರ್ಡಿನ ಮೆಮೊರಿಯನ್ನು ಮನೆಯಲ್ಲಿ ಹೆಚ್ಚಿಸಲು ಬರುವುದಿಲ್ಲ.